ದುಡ್ಡು ಎಲ್ಲಿಂದ ಬಂತು?

– ಮಾವ, ಸಿಟ್ಟು ಮಾಡ್ಕೋಬೇಡಿ, ಒಂದು ಮಾತು. ಲಾಂಗು ಹಿಡಿದವನು ಹಾಡಿ ಕುಣಿದರೆ ಅದು ಮಸಾಲೆ ಸಿನಿಮಾ. ಅದೇ ಲಾಂಗನ್ನ ಪಕ್ಕದಲ್ಲಿಟ್ಟುಕೊಂಡು ಐದು ನಿಮಿಷ ಮಾತಾಡದೆ ಬೀಡಿ ಸೇದಿದರೆ ವಾಸ್ತವವಾದಿ ಸಿನಿಮಾ. ಈ ಲೆಕ್ಕಾಚಾರ ಹಾಕಿಕೊಟ್ಟವರು ಯಾರು? ನಿಮ್ಮ ಫಿಲಂ ಸೊಸೈಟಿಯವರೇ ಇರಬೇಕು.

– ಬೀಡಿಗೆ ಯಾರೂ ಮಾರ್ಕ್ಸ್ ಕೊಟ್ಟಿಲ್ಲ ಕಣೇ. ಹಳೇ ಹಿಂದಿ ಸಿನಿಮಾದ ಡಾನ್‌ಗಳನ್ನ ನೋಡಿದ್ದರೆ ನೀನು ಹೀಗೆ ಮಾತಾಡ್ತಿರಲಿಲ್ಲ. ಬಿಳಿ ಸೂಟು, ಬಿಳಿ ಷೂ, ಮನೆಯೊಳಗೇ ಈಜುಕೊಳ, ಗುಂಡಿ ಒತ್ತಿದರೆ ಗೋಡೆ ಸರಿಯೋದು. 1998ರ ಜುಲೈನಲ್ಲಿ ರಾಮ್‌ಗೋಪಾಲ್ ವರ್ಮಾ ‘ಸತ್ಯ’ದಲ್ಲಿ ಭೀಖೂ ಮ್ಹಾತ್ರೆಯನ್ನ ತಂದು ನಿಲ್ಲಿಸಿದರು ನೋಡು, ಆಗ ಗೊತ್ತಾಗಿದ್ದು ಡಾನ್‌ಗೂ ಬೆವರುತ್ತೆ, ಮನೇಲಿ ಹೆಂಡತಿ ಬೈತಾಳೆ ಅಂತ. ಅದರ ಹಿಂದಿನ ವರ್ಷ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ಕ್ಯಾಸೆಟ್ ಕಂಪನಿಯ ಗುಲ್ಶನ್ ಕುಮಾರ್ ಕೊಲೆಯಾಗಿತ್ತು. ಸುದ್ದಿ ತಂದವರು, ಪಾಪ ಆ ಮನುಷ್ಯ ಬೆಳಿಗ್ಗೆ ಎಷ್ಟೊತ್ತಿಗೆ ಎದ್ದಿದ್ದ, ಯಾರ ಜತೆ ಏನು ಮಾತಾಡಿದ್ದ ಅಂತ ಹೇಳ್ತಾ ಇದ್ದರೆ ವರ್ಮಾ ತಲೆಯೊಳಗೆ ಬೇರೆಯದೇ ಪ್ರಶ್ನೆ. ಕೊಂದವನು ಎಷ್ಟೊತ್ತಿಗೆ ಎದ್ದ? ತಿಂಡಿ ತಿಂದು ಹೋದನಾ, ಕೆಲಸ ಮುಗಿಸಿ ಬಂದು ತಿಂದನಾ? ಅವರೇ ಆಮೇಲೆ ಹೇಳಿಕೊಂಡಿರೋದು ಇದು. ಆ ಒಂದು ಪ್ರಶ್ನೆಗೋಸ್ಕರ ಅವರ ಆಮೇಲಿನ ಕೆಟ್ಟ ಸಿನಿಮಾಗಳನ್ನೆಲ್ಲ ನಾನು ಕ್ಷಮಿಸಿದೀನಿ.

– ಪ್ರಶ್ನೆ ಒಳ್ಳೇದು, ಒಪ್ಪಿದೆ. ಆದರೆ ಆ ಚಿತ್ರದ ನಾಯಕ ಸತ್ಯನ ಬಗ್ಗೆ ಅದೇ ಪ್ರಶ್ನೆ ಕೇಳಿ ನೋಡಿ. ಹಿಂದೆ ಏನು ಮಾಡ್ತಿದ್ದ? ಮುಂಬೈಗೆ ಯಾಕೆ ಬಂದ? ಕೈ ನಡುಗದೆ ಗುಂಡು ಹಾರಿಸೋದನ್ನ ಎಲ್ಲಿ ಕಲಿತ? ಚಿತ್ರ ಅದರ ತಂಟೆಗೇ ಹೋಗೋದಿಲ್ಲ. ಎದುರು ಮನೇಲಿ ಗಾಯಕಿ ಆಗೋ ಆಸೆಯ ಹುಡುಗಿ. ಅವಳಿಗೂ ಇವನಿಗೂ ಮಳೆ, ಹಾಡು. ವಿಶಾಲ್ ಭಾರದ್ವಾಜ್ ಸಂಗೀತ, ಗುಲ್ಜಾರ್ ಸಾಹಿತ್ಯ. ಇವನ ಕಸುಬು ಏನು ಅನ್ನೋದು ಅವಳಿಗೆ ಗೊತ್ತಾಗೋ ಹೊತ್ತಿಗೆ ಸಿನಿಮಾನೇ ಮುಗೀತಾ ಬಂದಿರುತ್ತೆ.

– ಹಾಡು ಇದ್ದ ಮಾತ್ರಕ್ಕೆ...

– ಅಲ್ಲೇ ನಿಲ್ಲಿ. ಹಾಡು ಇದ್ದ ಮಾತ್ರಕ್ಕೆ ‘ಓಂ’ ಯಾಕೆ ಕೆಳಗಿಳೀಬೇಕು? ಅಲ್ಲೂ ನಾಯಕನ ಹೆಸರು ಸತ್ಯನೇ, ಅದೂ ಮೂರು ವರ್ಷ ಮುಂಚೆ, 1995ರಲ್ಲಿ. ಪೂಜೆ ಮಾಡೋರ ಮನೆ ಹುಡುಗ ಮಚ್ಚು ಹಿಡೀತಾನೆ. ನಿರ್ದೇಶಕ ಉಪೇಂದ್ರ ಬೆಂಗಳೂರಿನ ಅಸಲಿ ರೌಡಿಗಳನ್ನೇ ಕರೆತಂದು ಕ್ಯಾಮೆರಾ ಮುಂದೆ ನಿಲ್ಲಿಸಿದರು. ಈ ಕಡೆ ನೀವು ಮೆಚ್ಚೋ ಮಣಿರತ್ನಂ ಅವರ ‘ನಾಯಗನ್’ ತಗೊಳ್ಳಿ, 1987. ಅದರ ಧಾರಾವಿ ಅಂದರೆ ತೋಟ ತರಣಿ ಮದ್ರಾಸಿನ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು. ಅದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಬರಬೇಕಾದ್ದೇ. ಸೆಟ್ಟಿನ ಸ್ಲಂ ಇರೋ ಚಿತ್ರ 2005ರಲ್ಲಿ ‘ಟೈಮ್’ ಪತ್ರಿಕೆಯ ಸಾರ್ವಕಾಲಿಕ 100 ಚಿತ್ರಗಳ ಪಟ್ಟಿಗೆ ಹೋಗಿ ವಾಸ್ತವವಾದ ಅನ್ನಿಸಿಕೊಂಡಿತು. ಅಸಲಿ ರೌಡಿಗಳಿರೋ ಚಿತ್ರ ಗಾಂಧಿನಗರದ ಮಾಲು ಆಯಿತು.

– ಅಸಲಿ ರೌಡಿ ಬಂದ ಅಂತ ಅಸಲಿ ರೌಡಿಸಂ ಬರಲ್ಲ ಕಣಮ್ಮ. ಕ್ಯಾಮೆರಾ ಕಂಡ ಕೂಡಲೇ ಅವನೂ ನಟನೇ. ತಾನು ನೋಡಿದ ಸಿನಿಮಾದ ವಿಲನ್ ಥರ ಕಣ್ಣು ಕೆಂಪಗೆ ಮಾಡಿಕೊಂಡು ನಿಲ್ತಾನೆ. ‘ಓಂ’ನಲ್ಲಿ ನನಗೆ ಹಿಡಿಸಿದ್ದು ಆ ಮುಖಗಳಿಗಿಂತ ಹೆಚ್ಚಾಗಿ ಉಪೇಂದ್ರ ಕಥೆ ಹೇಳೋ ರಭಸ. ‘ನಾಯಗನ್’ನಲ್ಲಿ ಗುಡಿಸಲು ಸೆಟ್ಟಿಂದು ನಿಜ, ಆದರೆ ಗುಡಿಸಲು ಕೆಡವೋಕೆ ಬುಲ್‌ಡೋಜರ್ ಕಳಿಸೋ ಸೇಠು, ಅವನ ಮನೆಗೇ ನುಗ್ಗಿ ಸಾಮಾನೆಲ್ಲ ಪುಡಿ ಮಾಡೋ ಜನ, ಅವರ ಮಧ್ಯೆ ನಾಯಕ ಅನ್ನೋನು ಹುಟ್ಟಿಕೊಳ್ಳೋ ಬಗೆ ಇದೆಯಲ್ಲ, ಅದು ಸೆಟ್ಟಲ್ಲ.

– ಸರಿ, ಹಾಗಾದರೆ ಸೆಟ್ಟೂ ಲೆಕ್ಕಕ್ಕಿಲ್ಲ, ಅಸಲಿ ಮುಖವೂ ಲೆಕ್ಕಕ್ಕಿಲ್ಲ. ವಿಮರ್ಶಕರು ಮಾತ್ರ ಇವೆರಡರ ಮೇಲೇ ಅಂಕ ಹಾಕ್ತಾರೆ. ನಾನು ಎಡಿಟಿಂಗ್ ರೂಮಿನಲ್ಲಿ ಕೂರೋಳು, ಒಳಗಿನ ಗುಟ್ಟು ಹೇಳ್ತೀನಿ. ಕತ್ತರಿಸೋಕೆ ಡೈರೆಕ್ಟರಿಗೆ ಮನಸ್ಸು ಬಾರದ ಶಾಟ್ ಇರುತ್ತಲ್ಲ, ಅದಕ್ಕೆ ಆಮೇಲೆ ಧ್ಯಾನಸ್ಥ ಶೈಲಿ ಅಂತ ಹೆಸರು ಬರುತ್ತೆ. ಸ್ಪಾಟ್‌ನಲ್ಲಿ ಸೌಂಡು ಸರಿಯಾಗಿ ಹಿಡಿದಿರಲ್ಲ, ಡಬ್ಬಿಂಗ್‌ಗೆ ದುಡ್ಡಿರಲ್ಲ, ಅರ್ಧ ಮಾತು ಕೇಳಿಸೋದೇ ಇಲ್ಲ. ಅದು ಸಹಜ ಸಂಭಾಷಣೆ. ಕ್ಲೈಮ್ಯಾಕ್ಸ್ ಹೊಳೀಲಿಲ್ಲ, ಹಾಗೇ ಬಿಟ್ಟರು. ಅದು ಪ್ರೇಕ್ಷಕನ ಊಹೆಗೆ ಬಿಟ್ಟದ್ದು. ಇದೇ ತಪ್ಪುಗಳನ್ನ ಕಮರ್ಷಿಯಲ್ ಚಿತ್ರದವರು ಮಾಡಿದರೆ ಶುಕ್ರವಾರ ಸಂಜೆಯೊಳಗೆ ಮಾನ ಹರಾಜು.

– ಇದಕ್ಕೆ ನಾನು ಉತ್ತರ ಕೊಡಲ್ಲ. ಫಿಲಂ ಫೆಸ್ಟಿವಲ್‌ಗಳಲ್ಲಿ ನಿದ್ದೆ ಮಾಡಿ ಎದ್ದು ಚಪ್ಪಾಳೆ ಹೊಡೆದವರ ಪಕ್ಕದಲ್ಲೇ ಕೂತಿದ್ದವನು ನಾನು.

– ಇನ್ನೊಂದಿದೆ, ಸೋಲು. ಥಿಯೇಟರ್‌ನಲ್ಲಿ ಓಡಲಿಲ್ಲ ಅನ್ನೋದೇ ದೊಡ್ಡ ಸರ್ಟಿಫಿಕೇಟು. ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಜನ ಅಷ್ಟಾಗಿ ಹೋಗಲಿಲ್ಲ. ಈಗ ಅದರ ಬಗ್ಗೆ ಒಂದು ಕೊಂಕು ತೆಗೆದರೆ ನನ್ನ ಜತೆ ಕೆಲಸ ಮಾಡೋರು ಕಾಫಿಗೂ ಕರೆಯಲ್ಲ. ಮಲ್ಪೆಯ ಕಡಲು, ಹುಲಿವೇಷ, ಒಂದೇ ಘಟನೆಯನ್ನ ಬೇರೆ ಬೇರೆಯವರು ಹೇಳೋ ಬಗೆ, ಎಲ್ಲಾ ಚೆನ್ನ. ಅದರ ರಿಚ್ಚಿ ಮಾತ್ರ ಬಂದರಿನ ರೌಡಿಯೋ, ನಿರ್ದೇಶಕ ರಕ್ಷಿತ್ ಶೆಟ್ಟಿ ನೋಡಿ ಮೆಚ್ಚಿದ ಇಂಗ್ಲಿಷ್ ಸಿನಿಮಾಗಳ ರೌಡಿಯೋ? ನನಗಂತೂ ಎರಡನೇದು ಅನ್ನಿಸುತ್ತೆ. ಇದನ್ನ ಹೇಳಿದರೆ ಬರೋ ಉತ್ತರ ಒಂದೇ: ಜನಕ್ಕೆ ಅರ್ಥವಾಗಲಿಲ್ಲ.

– ಅದನ್ನ ಎಲ್ಲದಕ್ಕೂ ಅಂಟಿಸಬೇಡ. ಅನುರಾಗ್ ಕಶ್ಯಪ್‌ರ ‘ಬ್ಲ್ಯಾಕ್ ಫ್ರೈಡೇ’ 2004ರಲ್ಲೇ ಲೊಕಾರ್ನೊದಲ್ಲಿ ತೋರಿಸಿದ ಚಿತ್ರ. ಮುಂಬೈ ಸ್ಫೋಟದ ಮೊಕದ್ದಮೆ ನಡೀತಿದೆ ಅಂತ ಕೋರ್ಟು ತಡೆದು, ಇಲ್ಲಿ ಬಿಡುಗಡೆ ಆಗಿದ್ದು 2007ರ ಫೆಬ್ರವರಿಯಲ್ಲಿ. ಅದರಲ್ಲಿ ಪೊಲೀಸರು ಒಬ್ಬನನ್ನ ಕೊಳೆಗೇರಿಯ ಸಂದುಗೊಂದುಗಳಲ್ಲಿ ಅಟ್ಟಿಸಿಕೊಂಡು ಹೋಗೋದಿದೆ. ಓಡ್ತಾರೆ, ಓಡ್ತಾರೆ, ಕೊನೆಗೆ ಕಳ್ಳನಿಗೂ ಉಸಿರಿಲ್ಲ, ಪೊಲೀಸಿನವರಿಗೂ ಉಸಿರಿಲ್ಲ. ಸೊಂಟ ಹಿಡಿದು ನಿಲ್ತಾರೆ, ಬೈತಾರೆ, ಮತ್ತೆ ಓಡ್ತಾರೆ. ಹೊಟ್ಟೆ ಬಂದಿರೋ ಪೇದೆ ಹೇಗೆ ಓಡಬಹುದೋ ಹಾಗೆ. ನಮ್ಮ ಸಿನಿಮಾದಲ್ಲಿ ಅಲ್ಲಿವರೆಗೂ ಓಡಿದವರಿಗೆ ಯಾರಿಗೂ ಏದುಸಿರು ಬಂದಿರಲಿಲ್ಲ.

– ಆ ದೃಶ್ಯಕ್ಕೆ ನಾನೂ ಶರಣು. ಆದರೆ ಅದೇ ನಿರ್ದೇಶಕರ ‘ನೋ ಸ್ಮೋಕಿಂಗ್’ ಬಂದಿದ್ದೂ ಅದೇ 2007ರಲ್ಲಿ. ಅದನ್ನ ಸಮರ್ಥಿಸಿಕೊಳ್ಳೋಕೆ ‘ಬ್ಲ್ಯಾಕ್ ಫ್ರೈಡೇ’ ಗಳಿಸಿಕೊಟ್ಟ ಗೌರವನೇ ಬಂಡವಾಳ ಆಯಿತು. ಒಂದು ಚಿತ್ರ ದುಡಿದಿದ್ದನ್ನ ಇನ್ನೊಂದು ಕೂತು ತಿಂತು. ಬ್ಯಾಂಕಿನವರು ನೀವು, ನಿಮಗೆ ಗೊತ್ತಲ್ಲ.

– ಬ್ಯಾಂಕಿನ ಮಾತು ತೆಗೆದೆಯಲ್ಲ, ಕೇಳು. ಸಾಲಕ್ಕೆ ಅರ್ಜಿ ಹಾಕಿದವನು ಎಷ್ಟು ಚೆನ್ನಾಗಿ ಮಾತಾಡ್ತಾನೆ ಅನ್ನೋದು ನಮಗೆ ಬೇಕಿರಲಿಲ್ಲ. ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ, ಅಷ್ಟೇ. ಗ್ಯಾಂಗ್‌ಸ್ಟರ್ ಸಿನಿಮಾಕ್ಕೆ ಹೋದರೂ ನನಗೆ ಅದೇ ಚಾಳಿ. ಒಬ್ಬ ಅಣ್ಣ ಹತ್ತು ಹುಡುಗರನ್ನ ಸಾಕ್ತಾನೆ ಅನ್ನು. ಅವರ ಊಟ, ಎಣ್ಣೆ, ಬೈಕಿಗೆ ಪೆಟ್ರೋಲು, ಸ್ಟೇಷನ್ ಮಾಮೂಲಿ, ಲಾಯರ್ ಫೀಸು, ಜಾಮೀನು. ಒಳಗೆ ಹೋದವನ ಮನೆಗೆ ತಿಂಗಳು ತಿಂಗಳು ರೇಷನ್ನು. ಬರೀ ರೋಲ್‌ಕಾಲ್ ಮಾಡಿ ಇಷ್ಟೂ ಹುಟ್ಟಲ್ಲ. ಹಿಂದೆ ಯಾರೋ ಕೊಡೋನು ಇದ್ದಾನೆ. ಅವನಿಗೆ ಇದರಿಂದ ಏನು ಲಾಭ? ಇದು ಗೊತ್ತಿರೋ ಸಿನಿಮಾನ ನಾನು ವಾಸ್ತವ ಅಂತೀನಿ. ಗೊತ್ತಿಲ್ಲದೇ ಇರೋದು ಎಷ್ಟೇ ಕತ್ತಲಲ್ಲಿ ಶೂಟ್ ಮಾಡಿದ್ದರೂ ಮಸಾಲೆನೇ.

– ಅಂದರೆ ‘ಸತ್ಯ’ ಪಾಸು ಅಂತೀರಿ?

– ಡಿಸ್ಟಿಂಕ್ಷನ್ನಲ್ಲಿ. ಬಿಲ್ಡರ್‌ಗಳಿಂದ ವಸೂಲಿ, ಸಿನಿಮಾ ನಿರ್ಮಾಪಕನಿಗೆ ಬೆದರಿಕೆ, ಮೇಲೆ ಕುಳಿತಿರೋ ರಾಜಕಾರಣಿ ಭಾವೂ. ಭೀಖೂನ ಕೊಲ್ಲೋದು ಪೊಲೀಸಲ್ಲ, ಎದುರಾಳಿ ಗ್ಯಾಂಗೂ ಅಲ್ಲ. ಇವನೇ ಹೆಗಲು ಕೊಟ್ಟು ಕಾರ್ಪೊರೇಷನ್ ಚುನಾವಣೆ ಗೆಲ್ಲಿಸಿದ ಅದೇ ಭಾವೂ. ಗೆದ್ದ ಮೇಲೆ ಇವನು ಬೇಡ. ಅದು ಖರ್ಚಿನ ಬಾಬ್ತು, ಕಡಿಮೆ ಮಾಡ್ತಾನೆ ಅಷ್ಟೆ. ಇನ್ನೊಂದು ತಮಾಷೆ ಕೇಳು. ಕೇಂದ್ರ ಸರ್ಕಾರ ಚಿತ್ರರಂಗಕ್ಕೆ ಉದ್ಯಮದ ಮಾನ್ಯತೆ ಘೋಷಿಸಿದ್ದೂ 1998ರಲ್ಲೇ. ಅಲ್ಲಿವರೆಗೆ ಸಿನಿಮಾದವರು ಬಂದರೆ ನಾವು ಬ್ಯಾಂಕಿನವರು ಕುರ್ಚಿ ತೋರಿಸ್ತಿದ್ವಿ, ಸಾಲ ಕೊಡ್ತಿರಲಿಲ್ಲ. ಮುಂಬೈಯಲ್ಲಿ ಬೇರೆಯವರು ಕೊಟ್ಟರು.

– ಈ ಪರೀಕ್ಷೆ ನನಗೆ ಇಷ್ಟವಾಯಿತು. ಆದರೆ ಇದರಲ್ಲಿ ನಿಮ್ಮವರೇ ಹೆಚ್ಚು ಫೇಲಾಗ್ತಾರೆ. ‘ವಾಸ್ತವ್’ ನೋಡಿ, 1999. ಮಹೇಶ್ ಮಾಂಜ್ರೇಕರ್. ಅದನ್ನ ಆಗಲೂ ಈಗಲೂ ಕಮರ್ಷಿಯಲ್ ಚಿತ್ರ ಅಂತಲೇ ಕರೀತಾರೆ. ಸಂಜಯ್ ದತ್, ಕುತ್ತಿಗೆ ತುಂಬ ಚಿನ್ನದ ಸರ, ಕೊನೆಗೆ ತಾಯಿನೇ ಮಗನಿಗೆ ಗುಂಡು ಹೊಡೆಯೋದು, ಕಣ್ಣೀರು. ಆದರೆ ಶುರುವಾಗೋದು ಎಲ್ಲಿಂದ? ಕೆಲಸ ಇಲ್ಲದ ಚಾಳಿನ ಹುಡುಗರು ಸೇರಿಕೊಂಡು ಪಾವ್‌ಭಾಜಿ ಅಂಗಡಿ ಹಾಕ್ತಾರೆ. ವ್ಯಾಪಾರ ಕುದುರುತ್ತೆ. ಕುಡಿದು ಬಂದ ಗಿರಾಕಿ ಜತೆ ಜಗಳ, ಕೈ ಮೀರಿ ಕೊಲೆ. ಸತ್ತವನು ಯಾರ ಕಡೆಯವನು ಅಂತ ಗೊತ್ತಾದ ಮೇಲೆ ಇನ್ನೊಬ್ಬ ಡಾನ್ ಹತ್ತಿರ ಓಡದೆ ಬೇರೆ ದಾರಿನೇ ಇಲ್ಲ. ರೌಡಿ ಹೇಗಾಗ್ತಾನೆ ಅನ್ನೋದನ್ನ ‘ಸತ್ಯ’ ಹೇಳಲಿಲ್ಲ, ‘ವಾಸ್ತವ್’ ಹೇಳಿತು. ನಿಮ್ಮ ಪಟ್ಟಿಗಳಲ್ಲಿ ಅದು ಯಾಕೆ ಯಾವಾಗಲೂ ಎರಡು ಮೆಟ್ಟಿಲು ಕೆಳಗೆ?

– ಕೊನೆಯ ಅರ್ಧ ಗಂಟೆಯ ಅರಚಾಟಕ್ಕೆ.

– ಅರಚಾಟಕ್ಕೆ ಎರಡು ಅಂಕ ಕಳೀರಿ. ಹತ್ತಕ್ಕೆ ಹತ್ತನ್ನೂ ಕಳೆದರೆ ಹೇಗೆ?

– ಹೂಂ, ಅದು ನ್ಯಾಯ. ಮಾಂಜ್ರೇಕರ್ ಆ ಹುಡುಗರನ್ನ ಆಮೇಲೂ ಬಿಡಲಿಲ್ಲ. 1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಮುಂಬೈ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತಲ್ಲ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಗಿರಣಿಗಳು ಮತ್ತೆ ಮೊದಲಿನ ಹಾಗೆ ಏಳಲೇ ಇಲ್ಲ. ಅಪ್ಪಂದಿರು ಮನೇಲಿ ಕೂತರು, ಮಕ್ಕಳು ಬೀದಿಗೆ ಬಂದರು, ಬೀದಿಯಲ್ಲಿ ಗ್ಯಾಂಗಿನವರು ಕಾಯ್ತಾ ಇದ್ದರು. ಗಿರಣಿ ಜಾಗಗಳಲ್ಲಿ ಈಗ ಮಾಲು, ಆಕಾಶ ಮುಟ್ಟೋ ಅಪಾರ್ಟ್‌ಮೆಂಟು. 2010ರಲ್ಲಿ ಅವರು ಮರಾಠಿಯಲ್ಲಿ ‘ಲಾಲ್‌ಬಾಗ್ ಪರೇಲ್’, ಹಿಂದಿಯಲ್ಲಿ ‘ಸಿಟಿ ಆಫ್ ಗೋಲ್ಡ್’ ಅಂತ ಇದನ್ನೇ ತೆಗೆದರು. ಅದೂ ಗಲಾಟೆಯ ಚಿತ್ರನೇ, ಎಲ್ಲರೂ ಜೋರಾಗಿ ಮಾತಾಡ್ತಾರೆ. ಆದರೆ ಮುಂಬೈ ರೌಡಿಸಂಗೆ ತಾಯಿಬೇರು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದ ಹಿಂದಿ ಚಿತ್ರ ನನಗೆ ಇದು ಬಿಟ್ಟು ಇನ್ನೊಂದು ನೆನಪಾಗ್ತಿಲ್ಲ.

– ಅದರ ಬಗ್ಗೆ ನಿಮ್ಮ ಸೊಸೈಟಿಯಲ್ಲಿ ಚರ್ಚೆ ಆಯಿತಾ?

– ಆ ಹೊತ್ತಿಗೆ ನಾವು ಇರಾನಿನಲ್ಲಿದ್ವಿ.

– ನಗಿಸಬೇಡಿ ಮಾವ. ‘ಗ್ಯಾಂಗ್ಸ್ ಆಫ್ ವಾಸೇಪುರ್’ ಈ ಪರೀಕ್ಷೆಯಲ್ಲಿ ಏನಾಗುತ್ತೆ ಹೇಳಿ. 2012ರಲ್ಲಿ ಕಾನ್‌ನ ಡೈರೆಕ್ಟರ್ಸ್ ಫೋರ್ಟ್‌ನೈಟ್‌ಗೆ ಹೋಗಿ ಬಂದದ್ದು, ಐದು ಗಂಟೆಗೂ ಮೀರಿದ್ದು, ಇಲ್ಲಿ ಎರಡು ಭಾಗ ಮಾಡಿ ಬಿಟ್ಟರು. ಅದರ ಬಗ್ಗೆ ಕೆಟ್ಟ ಮಾತಾಡೋದು ನನ್ನ ವಯಸ್ಸಿನವರಲ್ಲಿ ಮಹಾಪಾಪ.

– ಮೊದಲ ಭಾಗ ಪಾಸು. ಧನಬಾದ್ ಕಲ್ಲಿದ್ದಲು ಗಣಿ, ಗಣಿಗೊಬ್ಬ ಪೈಲ್ವಾನ್, ರಾಷ್ಟ್ರೀಕರಣ ಆದ ಮೇಲೆ ಯೂನಿಯನ್ನು, ಆಮೇಲೆ ಮರಳು, ಮೀನಿನ ಕೆರೆ. ದುಡ್ಡು ಹೇಗೆ ವೇಷ ಬದಲಿಸುತ್ತೆ ಅಂತ ಇಷ್ಟು ವಿವರವಾಗಿ ಹೇಳಿದ ಹಿಂದಿ ಚಿತ್ರ ಕಡಿಮೆ.

– ಎರಡನೇ ಭಾಗ?

– ಅಲ್ಲಿಗೆ ಬರೋ ಹೊತ್ತಿಗೆ ಕಶ್ಯಪ್‌ಗೆ ತಮ್ಮ ಪಾತ್ರಗಳ ಅಡ್ಡಹೆಸರುಗಳ ಮೇಲೇ ಪ್ರೀತಿ ಹೆಚ್ಚಾಗಿತ್ತು. ಅವನು ಇವನನ್ನ ಹೊಡೆದ, ಇವನು ಅವನನ್ನ ಹೊಡೆದ, ಹಿಂದೆ ಒಂದು ಒಳ್ಳೆ ಹಾಡು. ಚಿತ್ರದ ಖಳ ರಾಮಾಧೀರ್ ಸಿಂಗ್ ಒಂದು ಕಡೆ ಹೇಳ್ತಾನೆ, ತಾನು ಇಷ್ಟು ದಿನ ಬದುಕಿರೋದು ಸಿನಿಮಾ ನೋಡದೇ ಇರೋದರಿಂದ ಅಂತ. ಕಶ್ಯಪ್ ತಮ್ಮ ಸಿನಿಮಾಕ್ಕೆ ತಾವೇ ಬರೆದ ವಿಮರ್ಶೆ ಅದು.

– ಆದರೆ ಆ ಚಿತ್ರದಲ್ಲಿ ನಗ್ಮಾ ಇದ್ದಾಳೆ, ರಿಚಾ ಚಡ್ಡಾ. ಗಂಡ ಇನ್ನೊಬ್ಬಳ ಮನೆ ಸೇರಿದಾಗ ಮಕ್ಕಳಿಗೆ ಊಟ ಎಲ್ಲಿಂದ ಅನ್ನೋ ಚಿಂತೆ ಅವಳದ್ದೇ. ಈ ಜಾತಿಯ ಸಿನಿಮಾಗಳಲ್ಲಿ ಹೆಂಗಸು ಅಂದರೆ ಅತ್ತು ತಡೆಯೋಳು, ಇಲ್ಲ ಸತ್ತು ಸೇಡಿಗೆ ಕಾರಣ ಆಗೋಳು. ಆಫ್‌ಬೀಟ್‌ನಲ್ಲೂ ಅಷ್ಟೇ, ಮಸಾಲೆಯಲ್ಲೂ ಅಷ್ಟೇ. ಆ ವಿಷಯದಲ್ಲಿ ಎರಡೂ ಪಕ್ಷದವರು ಅಣ್ಣತಮ್ಮಂದಿರು. ಅದಿರಲಿ, ಪೂರ್ತಿ ಪಾಸಾದ್ದು ಯಾವುದು?

– ‘ಕಮ್ಮಟಿಪಾಡಂ’. ರಾಜೀವ್ ರವಿ, 2016, ಮಲಯಾಳಂ. ಎರ್ನಾಕುಲಂ ರೈಲ್ವೆ ಸ್ಟೇಷನ್ ಹತ್ತಿರದ ಜಾಗದ ಹೆಸರೇ ಅದು. ಮೊದಲು ಅಲ್ಲಿ ಗದ್ದೆ, ನೀರು, ದಲಿತರ ಮನೆಗಳು. ಬಾಲನ್, ಗಂಗ ಅಂತ ಹುಡುಗರು. ಕಳ್ಳ ಸ್ಪಿರಿಟ್ ಸಾಗಿಸೋ ಸಾಹುಕಾರನ ಕೈಕೆಳಗೆ ಸೇರ್ತಾರೆ. ಆ ಸಾಹುಕಾರನಿಗೆ ಸ್ವಲ್ಪ ದಿನ ಆದ ಮೇಲೆ ಸಾರಾಯಿಗಿಂತ ಭೂಮಿ ಲಾಭ ಅಂತ ಗೊತ್ತಾಗುತ್ತೆ. ಗದ್ದೆಯವರನ್ನ ಎಬ್ಬಿಸಬೇಕು. ಯಾರು ಎಬ್ಬಿಸ್ತಾರೆ? ಇದೇ ಹುಡುಗರು. ಎಬ್ಬಿಸೋದು ಯಾರನ್ನ? ತಮ್ಮದೇ ಜನರನ್ನ. ಬಾಲನ್‌ಗೆ ಅದು ಅರ್ಥ ಆಗೋ ಹೊತ್ತಿಗೆ ತಡವಾಗಿರುತ್ತೆ. ಗದ್ದೆ ಹೋಯಿತು, ಗೋಡೆ ಎದ್ದಿತು, ಗೋಡೆಯೊಳಗೆ ಅಪಾರ್ಟ್‌ಮೆಂಟು. ಹುಡುಗರು ಒಬ್ಬೊಬ್ಬರಾಗಿ ಹೋದರು. ಸಾಹುಕಾರ ಮರ್ಯಾದಸ್ಥ ಬಿಲ್ಡರ್ ಆದ. ಗಂಗನ ಪಾತ್ರ ಮಾಡಿದ ವಿನಾಯಕನ್‌ಗೆ ಆ ವರ್ಷ ಕೇರಳ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಕತ್ತಿ ಹಿಡಿದವನ ಕೈಗೆ ಕೂಲಿ ಎಷ್ಟು, ಹಿಡಿಸಿದವನ ಕೈಗೆ ಲಾಭ ಎಷ್ಟು ಅನ್ನೋ ಲೆಕ್ಕ ಇಷ್ಟು ನೇರವಾಗಿ ಇನ್ನೆಲ್ಲೂ ಇಲ್ಲ. ವೆಟ್ರಿಮಾರನ್‌ರ ‘ವಡಚೆನ್ನೈ’ ಇದರ ಹತ್ತಿರ ಬರುತ್ತೆ. ಮೀನುಗಾರರ ಕೇರಿ, ಅಲ್ಲಿಗೆ ಬರೋ ರಸ್ತೆ ಯೋಜನೆ, ನಮ್ಮ ಕಿಶೋರ್ ಬೇರೆ ಇದ್ದಾರೆ. ಮೊದಲ ಸ್ಥಾನ ಮಾತ್ರ ‘ಕಮ್ಮಟಿಪಾಡಂ’ಗೇ.

– ಹಾಗಾದರೆ ನನ್ನ ಕಡೆಯಿಂದ ‘ದುನಿಯಾ’. 2007, ಸೂರಿ. ಕಲ್ಲು ಕ್ವಾರಿಯ ಹುಡುಗ, ತಾಯಿಗೊಂದು ಗೋರಿ ಕಟ್ಟಿಸಬೇಕು ಅನ್ನೋ ಆಸೆ. ಅದಕ್ಕೆ ಬೇಕಾಗಿರೋ ದುಡ್ಡು ಅವನ ಹತ್ತಿರ ಇಲ್ಲ. ಬೆಂಗಳೂರಿಗೆ ಬರ್ತಾನೆ, ಮೈಯಲ್ಲಿ ಶಕ್ತಿ ಇದೆ, ಶಕ್ತಿಗೆ ಗಿರಾಕಿಗಳಿದ್ದಾರೆ. ಹಾಡೂ ಇದೆ, ಆಟೋಗಳಲ್ಲೆಲ್ಲ ಅದೇ ಹಾಡು. ಫೈಟೂ ಇದೆ. ಅದನ್ನ ಯಾವುದೋ ಫೆಸ್ಟಿವಲ್ಲಿಗೆ ಹೋದ ಚಿತ್ರ ಅಂತ ಯಾರೂ ನೋಡಲಿಲ್ಲ, ಜನ ಟಿಕೆಟ್ ತಗೊಂಡು ನೋಡಿದರು. ಚಿಲ್ಲರೆ ದುಡ್ಡಿಗೆ ಮನುಷ್ಯನ ಮೈ ಮಾರಾಟಕ್ಕೆ ಬರೋದನ್ನ ಆ ಚಿತ್ರದಷ್ಟು ನೇರವಾಗಿ ನಮ್ಮಲ್ಲಿ ಯಾವ ಕಲಾತ್ಮಕ ಚಿತ್ರ ಹೇಳಿದೆ?

– ಒಪ್ಪಿದೆ. ಪೂರ್ತಿ ಒಪ್ಪಿದೆ. ಈಗ ‘ಗರುಡ ಗಮನ ವೃಷಭ ವಾಹನ’ದ ಬಗ್ಗೆ ಕೇಳಲಾ? 2021. ಮಂಗಳೂರಿನ ಮಂಗಳಾದೇವಿ. ನಿನ್ನ ಫೋನಿನ ರಿಂಗ್‌ಟೋನು ಅದರದ್ದೇ ಅಲ್ಲವಾ?

– ಹೌದು. ಅದನ್ನ ಬಿಟ್ಟುಕೊಡಲ್ಲ.

– ಬಿಟ್ಟುಕೊಡು ಅನ್ನಲಿಲ್ಲ. ಆ ಮಳೆಯಲ್ಲಿ ರಾಜ್ ಬಿ. ಶೆಟ್ಟಿ ಹುಲಿ ಹೆಜ್ಜೆ ಹಾಕೋದನ್ನ ನೋಡಿ ನನಗೂ ಮೈ ಜುಮ್ಮೆಂದಿತು. ಆದರೆ ಅದು ಪುರಾಣ ಕಣೇ. ಹೆಸರುಗಳೇ ಹರಿ, ಶಿವ. ಆ ಗ್ಯಾಂಗಿನ ಆದಾಯ, ಖರ್ಚು, ಪೋಷಕರ ಬಗ್ಗೆ ಚಿತ್ರಕ್ಕೆ ಹೆಚ್ಚು ಕುತೂಹಲ ಇಲ್ಲ. ಒಬ್ಬ ಪಾಲಿಸ್ತಾನೆ, ಒಬ್ಬ ಲಯ ಮಾಡ್ತಾನೆ. ಯಕ್ಷಗಾನದ ಊರಿನವರು ಯಕ್ಷಗಾನದ ಹಾಗೇ ಕಥೆ ಕಟ್ಟಿದ್ದಾರೆ, ಚೆನ್ನಾಗಿ ಕಟ್ಟಿದ್ದಾರೆ. ಅದನ್ನ ಮಂಗಳೂರಿನ ರೌಡಿಸಂನ ಹಸಿಹಸಿ ವಾಸ್ತವ ಅಂತ ಬರೆದರಲ್ಲ, ಅದು ಹೊಗಳಿಕೆಯ ಭರದಲ್ಲಿ ಚಿತ್ರಕ್ಕೇ ಮಾಡಿದ ಅನ್ಯಾಯ.

– ಬೆನ್ನಿಗೆ ಇರಿಯೋ ಹೊಗಳಿಕೆ ನಿಮ್ಮದೂ. ಶಿವ ಕೊಂದ ಮೇಲೆ ಸತ್ತವನ ಚಪ್ಪಲಿ ಹಾಕ್ಕೊಂಡು ಹೋಗ್ತಾನಲ್ಲ, ಅದು ಯಾವ ಪುರಾಣದಲ್ಲಿದೆ? ಬರಿಗಾಲಿನಲ್ಲಿ ಬೆಳೆದ ಹುಡುಗನ ಆದಾಯದ ಲೆಕ್ಕ ಅಷ್ಟೇ ಸಾಕು ನನಗೆ.

– ಇಲ್ಲಿ ನಾವಿಬ್ಬರೂ ಒಪ್ಪಲ್ಲ ಬಿಡು. ‘ಆ ದಿನಗಳು’ ಬಗ್ಗೆ ನೀನು ಏನೂ ಹೇಳಲೇ ಇಲ್ಲ.

– ಅದನ್ನ ಬೈಯೋಕೆ ಮನಸ್ಸು ಬರಲ್ಲ. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’, ಚಿತ್ರಕಥೆಗೆ ಅವರ ಜತೆ ಗಿರೀಶ್ ಕಾರ್ನಾಡ್, ಸಂಗೀತ ಇಳಯರಾಜಾ, ನಿರ್ದೇಶನ ಚೈತನ್ಯ. ಶರತ್ ಲೋಹಿತಾಶ್ವ ಅವರ ರೌಡಿ ಕೊತ್ವಾಲ ಕಣ್ಣೆದುರಿಗೇ ಇದ್ದಾನೆ. ರಕ್ತ ಕಡಿಮೆ, ಭಯ ಜಾಸ್ತಿ. ಕೊಲೆಗೆ ಸ್ಕೆಚ್ ಹಾಕಿದವರು ಕಾಯೋದು, ಅನುಮಾನಪಡೋದು, ಮತ್ತೆ ಕಾಯೋದು. ಆದರೆ ನಿಮ್ಮ ಪರೀಕ್ಷೆ ಹಾಕಿದರೆ? ಕೊತ್ವಾಲನನ್ನ, ಅವನ ಎದುರಾಳಿ ಜಯರಾಜನನ್ನ ಅಷ್ಟು ವರ್ಷ ಸಾಕಿದ ವ್ಯವಸ್ಥೆ ಚಿತ್ರದಲ್ಲಿ ಮಸುಕು. ಎರಡು ವ್ಯಕ್ತಿತ್ವಗಳ ಕಥೆಯಾಗಿ ಉಳೀತು. ಬದುಕಿ ಬಂದವರೇ ಹೇಳಿದ ಕಥೆ ಅನ್ನೋ ಒಂದೇ ಕಾರಣಕ್ಕೆ ಅದೇ ಪೂರ್ತಿ ಕಥೆ ಅಂತ ನಾವೆಲ್ಲ ನಂಬಿಬಿಟ್ಟೆವು.

– ಅದು ಬಂದಿದ್ದೂ 2007ರಲ್ಲಿ, ‘ದುನಿಯಾ’ ಬಂದ ವರ್ಷ. ಅದೇ ವರ್ಷ ಇನ್ನೊಂದು ಬಂತು, ಸಿನಿಮಾ ಅಲ್ಲ, ವರದಿ. ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಸದನ ಸಮಿತಿದು, ಬೆಂಗಳೂರು ಸುತ್ತಮುತ್ತಲ ಸರ್ಕಾರಿ ಜಮೀನು ಒತ್ತುವರಿ ಬಗ್ಗೆ. ಕೆರೆ, ಗೋಮಾಳ, ರಾಜಕಾಲುವೆ. 2011ರಲ್ಲಿ ಇದೇ ಒತ್ತುವರಿ ಬಗ್ಗೆ ಬಾಲಸುಬ್ರಮಣಿಯನ್ ಅವರದ್ದು ಇನ್ನೊಂದು ವರದಿ. ಎಂಬತ್ತರ ದಶಕದ ಮಚ್ಚಿನ ಕಥೆಗೆ ನಮ್ಮಲ್ಲಿ ಎಷ್ಟೊಂದು ಸಿನಿಮಾ. ಆ ಮಚ್ಚು ಆಮೇಲೆ ಬೇಲಿ ಕಾಯೋ ಕೆಲಸಕ್ಕೆ ಹೋದದ್ದಕ್ಕೆ, ಒಂದೇ ಸೈಟನ್ನ ಮೂರು ಜನಕ್ಕೆ ಮಾರಿದವನ ಪರವಾಗಿ ಸೆಟ್ಲ್‌ಮೆಂಟಿಗೆ ನಿಂತದ್ದಕ್ಕೆ ಒಂದು ‘ಕಮ್ಮಟಿಪಾಡಂ’ ಬೆಂಗಳೂರಿನಿಂದ ಬರಲಿಲ್ಲ. ನಾನು ನೋಡಿದ್ದರಲ್ಲಂತೂ ಇಲ್ಲ.

– ಬಂದರೂ ಅದನ್ನ ಯಾರು ತೆಗೀಬೇಕು ಅಂತೀರಿ? ಕಲಾತ್ಮಕದವರಾ, ಗಾಂಧಿನಗರದವರಾ?

– ಯಾರಾದರೂ ತೆಗೀಲಿ. ಆರು ಹಾಡು ಇಡಲಿ, ನಾಲ್ಕು ಫೈಟು ಇಡಲಿ, ಬೇಕಾದರೆ ಸ್ಲೋ ಮೋಷನ್‌ನಲ್ಲಿ ನಡೆಸಲಿ. ಸೈಟು ಯಾರದ್ದಾಗಿತ್ತು, ಬೇಲಿ ಹಾಕಿಸಿದವನು ಯಾರು, ಕಾಯೋಕೆ ನಿಂತ ಹುಡುಗನಿಗೆ ಕೊಟ್ಟಿದ್ದು ಎಷ್ಟು, ಇದನ್ನ ಮಾತ್ರ ಬಿಡದೆ ಹೇಳಲಿ. ಎಡಿಟಿಂಗ್‌ಗೆ ನಿನ್ನನ್ನ ಕರೆದರೆ ಹೋಗು.